ನನ್ನ ಎದೆಬಡಿತಕ್ಕೆ ಸಾಕ್ಷಿಯಾಗಿ ನೇಮಕಗೊಂಡು ಏನನ್ನೂ ಕಾಣದವರಿಗೆ

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಆರನೆಯ ಕೊಠಡಿಯ ಉಕ್ಕಿನ ಬೀರುವಿನ ಮೇಲಿನ ಅರೆಯಲ್ಲಿ ಕಾಯಂ ಆಗಿ ನೆಲೆಸಿರುವ, ಹೋಲ್ಟರ್ ಎಂಬ ಹೆಸರಿನಿಂದ ಪ್ರಸಿದ್ಧರಾದ, ರೋಗಿಗಳ ಕೊರಳಲ್ಲಿ ಇಡೀ ದಿನ ತೂಗಾಡುತ್ತ ಅವರ ಹೃದಯದ ಪ್ರತಿಯೊಂದು ಬಡಿತವನ್ನೂ ಬರೆದಿಟ್ಟುಕೊಳ್ಳುವ ಪೂಜ್ಯ ಯಂತ್ರದವರ ಸನ್ನಿಧಾನಕ್ಕೆ, ತಮ್ಮನ್ನು ಇದುವರೆಗೆ ನಾಲ್ಕು ಸಲ ಕೊರಳಲ್ಲಿ ಧರಿಸುವ ಭಾಗ್ಯ ಪಡೆದ, ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರೊಬ್ಬ ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ತಾವು ಬ್ಯಾಟರಿ ತುಂಬಿಕೊಂಡು, ತಂತಿಗಳನ್ನು ಸಿಕ್ಕಿಲ್ಲದೆ ಸುತ್ತಿಕೊಂಡು, ಸುಖವಾಗಿ ವಿಶ್ರಮಿಸುತ್ತಿದ್ದೀರೆಂದು ಭಾವಿಸಿದ್ದೇನೆ. ನಾನೂ ಆರೋಗ್ಯವಾಗಿದ್ದೇನೆ. ಇದನ್ನು ಬರಿಯ ಸೌಜನ್ಯಕ್ಕೆ ಹೇಳುತ್ತಿಲ್ಲ, ನನ್ನ ಬಳಿ ಕಾಗದಪತ್ರಗಳಿವೆ. ನನ್ನ ಹೃದಯದ ಕವಾಟಗಳು ಸರಿಯಾಗಿ ತೆರೆದು ಸರಿಯಾಗಿ ಮುಚ್ಚುತ್ತವೆ, ರಕ್ತನಾಳಗಳಲ್ಲಿ ಅಡೆತಡೆಯಿಲ್ಲ, ಗೋಡೆಗಳು ಇರಬೇಕಾದಷ್ಟೇ ದಪ್ಪ. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಪರದೆಯನ್ನು ನೋಡುತ್ತ, “ಎಷ್ಟು ಚೆನ್ನಾಗಿದೆ ನೋಡಿ ನಿಮ್ಮ ಹಾರ್ಟು!” ಎಂದು ಮೆಚ್ಚಿಕೊಂಡಾಗ, ನಲವತ್ತಾರು ವರ್ಷಗಳಲ್ಲಿ ನನ್ನ ದೇಹದ ಯಾವ ಭಾಗಕ್ಕೂ ಅಂಥ ಪ್ರಶಂಸೆ ಸಿಕ್ಕಿರದ ಕಾರಣ ನಾನು ನಾಚಿ, ಅಂಗಿಯ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡು ಮನೆಗೆ ಬಂದೆ. ಇಂಥ ಮಾದರಿ ಹೃದಯಕ್ಕೆ ಇದ್ದದ್ದು ಒಂದೇ ದುರಭ್ಯಾಸ. ಆಗಾಗ, ಯಾರಿಗೂ ಹೇಳದೆ ಕೇಳದೆ, ಅದು ಓಡತೊಡಗುತ್ತಿತ್ತು.

ಮೊದಲ ಸಲ ಓಡಿದ್ದು ಮೂರು ವರ್ಷಕ್ಕೂ ಹಿಂದೆ, ನಾನು ಷೂ ಲೇಸು ಕಟ್ಟಿ ನೆಟ್ಟಗಾದ ಕ್ಷಣದಲ್ಲಿ. ಎದೆಯೊಳಗೆ ಏನೋ ಒಮ್ಮೆ ಎಡವಿದಂತಾಯಿತು, ಆಮೇಲೆ ಯಾರೋ ಮನೆಯ ಕೀಲಿ ಕಳೆದುಕೊಂಡು ಕೋಣೆಯಿಂದ ಕೋಣೆಗೆ ಓಡಾಡುತ್ತಿರುವ ಹಾಗೆ ದಡದಡ ಶುರುವಾಯಿತು. ನಾಡಿ ಎಣಿಸೋಣವೆಂದು ಗಡಿಯಾರ ಹಿಡಿದು ಬಚ್ಚಲಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತೆ. ಇಪ್ಪತ್ತೊಂದು, ಇಪ್ಪತ್ತೆರಡು ಎನ್ನುವಷ್ಟರಲ್ಲಿ ನಾಡಿ ಮೂವತ್ತು ದಾಟಿ ಹೋಗುತ್ತಿತ್ತು, ನಾಲಿಗೆಗೆ ಆ ವೇಗ ಸಿಗಲಿಲ್ಲ. ಹನ್ನೆರಡು ನಿಮಿಷದ ನಂತರ, ಸ್ವಿಚ್ ಆರಿಸಿದ ಹಾಗೆ, ಎಲ್ಲವೂ ಒಮ್ಮೆಲೇ ನಿಂತು ಹೃದಯವು ಏನೂ ನಡೆದೇ ಇಲ್ಲವೆಂಬಂತೆ ಎಂದಿನ ಕೆಲಸಕ್ಕೆ ಹಾಜರಾಯಿತು. ನಾನು ಮಾತ್ರ ಬಕೆಟ್ಟಿನ ಮೇಲೆ ಬೆವರುತ್ತ ಕುಳಿತಿದ್ದೆ, ಲೇಸು ನೀಟಾಗಿ ಕಟ್ಟಿಕೊಂಡು.

ನನ್ನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಬಂದವರ ಮೂಗಿನ ಮೇಲೆ ಗಾಜು ಬದಲಿಸುತ್ತ, “ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?” ಎಂದು ಕೇಳುವುದು ಅವಳ ಕಸುಬು. ನಾನು ಓಟದ ಸುದ್ದಿ ಹೇಳಿದಾಗ ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಕೂತ್ಕೊಳ್ಳಿ, ನೀರು ಕುಡೀರಿ,” ಎಂದಳು. ಮುಂದಿನ ಸಲವೂ ಅದೇ, ಅದರ ಮುಂದಿನ ಸಲವೂ ಅದೇ. ನೀರು ತಂದಿಟ್ಟು ಮತ್ತೆ ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಇವಳು ನನ್ನನ್ನು ನಂಬುತ್ತಿಲ್ಲ ಎಂದು ನಾನು ಅಂದೇ ತೀರ್ಮಾನಿಸಿದೆ. ಅವಳ ತಮ್ಮ, ಲಿಫ್ಟ್ ರಿಪೇರಿ ಮಾಡುವವನು, ನಂಬದಿರುವುದನ್ನು ಬಾಯಿಬಿಟ್ಟೇ ಹೇಳಿದ: “ಗ್ಯಾಸು ಭಾವಾ. ಬರೀ ಗ್ಯಾಸು. ಒಂದ್ಸಲ ಜೋರಾಗಿ ತೇಗಿ.” ಅವನ ಮಾತಿಗೆ ಬೆಲೆ ಕೊಟ್ಟು ಎರಡು ತಿಂಗಳು ತೇಗಿದೆ. ಹೃದಯ ಓಡುತ್ತಲೇ ಇತ್ತು, ತೇಗು ಹೆಚ್ಚುವರಿಯಾಗಿ ಅಭ್ಯಾಸವಾಯಿತು.

ಆಗ ತಮ್ಮ ಪರಿಚಯವಾಯಿತು. ಆರನೆಯ ಕೊಠಡಿಯ ಟೆಕ್ನಿಷಿಯನ್ ಹುಡುಗಿ ನನ್ನ ಎದೆಗೆ ಅಂಟುಪಟ್ಟಿಗಳನ್ನು ಒತ್ತಿ, ತಂತಿಗಳನ್ನು ಸಿಕ್ಕಿಸಿ, ತಮ್ಮನ್ನು ಕೊರಳಿಗೆ ತೂಗುಹಾಕಿ, “ಒಂದು ದಿನ ಸ್ನಾನ ಇಲ್ಲ ಸರ್. ಏನಾದ್ರೂ ಆದ್ರೆ ಈ ಬಟನ್ ಒತ್ತಿ, ಏನ್ ಮಾಡ್ತಿದ್ರಿ ಅಂತ ಈ ಹಾಳೇಲಿ ಬರೀರಿ,” ಎಂದಳು. ನಾನು ವರನಂತೆ ಹೊರಟೆ. ಕೊನೆಗೂ ಒಬ್ಬ ಸಾಕ್ಷಿ ಸಿಕ್ಕಿದನಲ್ಲ, ಅದೂ ಮಾತು ತಿರುಚದ, ಸಂಬಂಧಿಯಲ್ಲದ, ಗ್ಯಾಸಿನ ಹೆಸರೆತ್ತದ ಸಾಕ್ಷಿ! ಅಂದು ನಾನು ಶ್ರದ್ಧೆಯಿಂದ ಬರೆದ ಹಾಳೆಯ ನಕಲು ಈಗಲೂ ನನ್ನ ಬಳಿಯಿದೆ. ಒಂಬತ್ತು ಹತ್ತಕ್ಕೆ ಮೆಟ್ಟಿಲು ಹತ್ತಿದೆ, ಏನೂ ಇಲ್ಲ. ಒಂಬತ್ತು ಹನ್ನೆರಡಕ್ಕೆ ಇಳಿದೆ, ಏನೂ ಇಲ್ಲ. ಒಂಬತ್ತು ಹದಿನೈದಕ್ಕೆ ಷೂ ಲೇಸು ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ, ಏನೂ ಇಲ್ಲ. ಹತ್ತೂ ನಲವತ್ತಕ್ಕೆ ಭಾವಮೈದ ಬಂದ. ಆಗಲೂ ಏನೂ ಇಲ್ಲ, ಆಶ್ಚರ್ಯ.

ಮಾನ್ಯರೇ, ತಾವು ಕೊರಳಲ್ಲಿದ್ದಷ್ಟು ಹೊತ್ತು ನನ್ನ ಹೃದಯವು ಇನ್ಸ್‌ಪೆಕ್ಟರ್ ಬಂದ ದಿನದ ತರಗತಿಯಂತೆ ಕೈಕಟ್ಟಿ ಕುಳಿತಿತ್ತು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ತಮ್ಮನ್ನು ಆರನೆಯ ಕೊಠಡಿಗೆ ಒಪ್ಪಿಸಿದೆ. ಹನ್ನೊಂದು ಇಪ್ಪತ್ತಕ್ಕೆ ಎದುರಿನ ಬಸ್ ಸ್ಟಾಪಿನಲ್ಲಿ ಅದು ಓಡಲು ಶುರುಮಾಡಿತು. ನಾನೂ ಅದರ ಜೊತೆ ಓಡಿದೆ, ರಸ್ತೆ ದಾಟಿ, ಎರಡು ಮಹಡಿ ಹತ್ತಿ, ಬಾಗಿಲು ನೂಕಿ, “ಬಂತು, ಬಂತು, ಹಚ್ಚಿ!” ಎಂದು ಕೂಗಿದೆ. ಸಾಲಿನಲ್ಲಿದ್ದವರೆಲ್ಲ ಕಾಲು ಮಡಚಿ ದಾರಿ ಬಿಟ್ಟರು. ಆ ಹುಡುಗಿ ಪಾಪ ಚಕಚಕನೆ ತಂತಿ ಹಚ್ಚುವಷ್ಟರಲ್ಲಿ ಅದು ನಿಂತಿತ್ತು. ಕಾಗದದ ಮೇಲೆ ಬಂದದ್ದು ಎರಡು ಮಹಡಿ ಹತ್ತಿ ಬಂದ ಒಬ್ಬ ಮಧ್ಯವಯಸ್ಕನ ಏದುಸಿರು ಮಾತ್ರ. “ನಾರ್ಮಲ್ ಸರ್,” ಎಂದಳು, ನನಗೆ ಸಮಾಧಾನವಾಗಲೆಂದು.

ಎರಡನೆಯ ಸಲ ತಮ್ಮನ್ನು ಎರಡು ದಿನ ಧರಿಸಿದೆ, ಮೂರನೆಯ ಸಲ ಇಡೀ ವಾರ. ತಮ್ಮ ವರದಿ ಮಾತ್ರ ಪ್ರತಿ ಸಲವೂ ಒಂದೇ: ಲಯ ಸಹಜವಾಗಿದೆ. ತಮ್ಮ ಸತ್ಯನಿಷ್ಠೆಯನ್ನು ನಾನು ಪ್ರಶ್ನಿಸುವುದಿಲ್ಲ. ಕಂಡದ್ದನ್ನು ಬರೆದಿರಿ. ಆದರೆ ತಾವು ಕಾಣದಿದ್ದದ್ದು ಇರಲೇ ಇಲ್ಲವೆಂದು ಲೋಕವು ಓದಿಕೊಂಡಿತು, ಅದಕ್ಕೇ ಈ ದೂರು. ಆಗ ನನ್ನನ್ನು ನೋಡುತ್ತಿದ್ದ ಎಳೆಯ ಡಾಕ್ಟರು ತಮ್ಮ ಮೂರು ವರದಿಗಳನ್ನೂ ಒಂದರ ಮೇಲೊಂದಿಟ್ಟು, ಫೈಲಿನಲ್ಲಿ ‘ಆತಂಕ’ ಎಂದು ಬರೆದು, “ಟೆನ್ಷನ್ ಮಾಡ್ಕೋಬೇಡಿ, ಉದ್ದಕ್ಕೆ ಉಸಿರು ತಗೊಳ್ಳಿ,” ಎಂದರು.

ಈ ಮಾತು ನನಗೆ ಹೇಗೆ ನಾಟಿತೆಂದು ತಿಳಿಯಬೇಕಾದರೆ ನನ್ನ ವೃತ್ತಿಯ ಬಗ್ಗೆ ಎರಡು ಮಾತು ಹೇಳಬೇಕು. ಹತ್ತೊಂಬತ್ತು ವರ್ಷದಿಂದ ನಾನು ಕಲಿಯುವವರ ಪಕ್ಕದ ಸೀಟಿನಲ್ಲಿ, ನನ್ನ ಕಾಲ ಕೆಳಗೊಂದು ಪ್ರತ್ಯೇಕ ಬ್ರೇಕ್ ಇಟ್ಟುಕೊಂಡು ಕುಳಿತಿದ್ದೇನೆ. ಶಿಷ್ಯರು ನನ್ನನ್ನು ಬೆನ್ನ ಹಿಂದೆ ‘ಬ್ರೇಕ್ ಮೇಷ್ಟ್ರು’ ಎನ್ನುತ್ತಾರೆ, ನಾನು ಕಾಲಿಗಿಂತ ಹೆಚ್ಚಾಗಿ ಗಂಟಲಿನಿಂದ ಬ್ರೇಕ್ ಹಾಕುತ್ತೇನಂತೆ. ಸ್ಟೇರಿಂಗ್ ಹಿಡಿದು ನಡುಗುವ ಎಷ್ಟೋ ಜನರಿಗೆ ನಾನು, “ಹೆದರಿಕೆ ಅನ್ನೋದು ಬರೀ ನಿಮ್ಮ ತಲೇಲಿದೆ, ಕ್ಲಚ್ ಬಿಡಿ,” ಎಂದು ಗದರಿದ್ದೇನೆ. ಈಗ ಅದೇ ಮಾತನ್ನು ನನಗಿಂತ ಇಪ್ಪತ್ತು ವರ್ಷ ಚಿಕ್ಕವರೊಬ್ಬರು ನಯವಾಗಿ ನನಗೆ ಮರಳಿಸಿದ್ದರು. ನನಗೇ ಅನುಮಾನ ಶುರುವಾಯಿತು. ಯಾರಿಗೆ ಗೊತ್ತು, ನಾನೇ ಅದನ್ನು ತರಿಸಿಕೊಳ್ಳುತ್ತಿದ್ದೇನೋ ಏನೋ. ನನ್ನ ಎದೆಯಲ್ಲಿ ನಡೆದದ್ದನ್ನು ನನ್ನ ಬೆರಳೇ ಮುಟ್ಟಿ ನೋಡಿದ್ದರೂ, ತಮ್ಮ ಸಹಿಯಿಲ್ಲದ ಕಾರಣಕ್ಕೆ ನಾನು ನನ್ನ ಬೆರಳನ್ನೇ ನಂಬದಾದೆ.

ಅಲ್ಲಿಂದ ಮುಂದೆ ಯಾರಿಗೂ ಹೇಳುವುದನ್ನು ಬಿಟ್ಟೆ. ಹೆಂಡತಿಗೂ ಹೇಳಲಿಲ್ಲ. ನಮ್ಮ ಡ್ರೈವಿಂಗ್ ಸ್ಕೂಲಿನ ಮಾಲೀಕರಿಗಂತೂ ಹೇಳುವ ಪ್ರಶ್ನೆಯೇ ಇರಲಿಲ್ಲ. ಎದೆ ಓಡುವ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾರು ತಾನೇ ಗಾಡಿ ಕಲಿತಾರು? ಒಂದು ದಿನ ಮಾರುಕಟ್ಟೆ ರಸ್ತೆಯಲ್ಲಿ ಹೊಸ ಶಿಷ್ಯನೊಬ್ಬ ಎರಡನೆಯ ಗೇರಿನಿಂದ ಮೂರನೆಯದಕ್ಕೆ ದಾರಿ ಹುಡುಕುತ್ತಿದ್ದಾಗಲೇ ನನಗೆ ಓಟ ಬಂತು. ಕಣ್ಣಂಚು ಮಸುಕಾಯಿತು. ನಾನು ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ಹಾಂ, ಹಾಗೇ, ಎಡಕ್ಕೆ, ನಿಧಾನ,” ಎಂದು ಎಂದಿನ ದನಿಯಲ್ಲೇ ಹೇಳುತ್ತ ಹೋದೆ. ಒಂಬತ್ತು ನಿಮಿಷ. ಅಂದು ಅಡ್ಡ ಬಂದ ಕೈಗಾಡಿಯನ್ನು ಕಂಡು ಬ್ರೇಕ್ ಒತ್ತಿದವನು ಆ ಶಿಷ್ಯ, ನಾನಲ್ಲ. ನನ್ನ ಕಾಲಿಗೆ ಆ ಸುದ್ದಿ ತಲುಪುವ ಹೊತ್ತಿಗೆ ಗಾಡಿ ನಿಂತಾಗಿತ್ತು. “ಭೇಷ್” ಎಂದೆ. ಅವನು ನನ್ನಿಂದ ಮೊದಲ ಮೆಚ್ಚುಗೆ ಪಡೆದ ಖುಷಿಯಲ್ಲಿ ಮನೆಗೆ ಹೋದ. ನಾನು ಸ್ಕೂಲಿನ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದು ಮುಂದಿನ ಪಾಠಕ್ಕೆ ಹತ್ತಿದೆ. ಈ ಪತ್ರದಲ್ಲಿ ನಗುವುದಕ್ಕಾಗದ ಸಂಗತಿ ಇದೊಂದೇ. ತಮಗೆ ನಗುವ ಅಭ್ಯಾಸವಿಲ್ಲವಾದ್ದರಿಂದ ತಮಗೆ ತೊಂದರೆಯಾಗದೆಂದು ಬರೆದಿದ್ದೇನೆ.

ಇನ್ನು ಟೀಚರ್ ಅವರ ವಿಷಯ. ಗಣಿತ ಹೇಳಿಕೊಟ್ಟು ನಿವೃತ್ತರಾದ ಅರವತ್ತೊಂದು ವರ್ಷದ ಈ ಮಹಿಳೆ ನನ್ನ ಬಳಿ ಕಲಿಯತೊಡಗಿ ಎಂಟು ತಿಂಗಳಾಗಿತ್ತು, ಲೈಸೆನ್ಸ್ ಪರೀಕ್ಷೆಯಲ್ಲಿ ನಾಲ್ಕು ಸಲ ನಪಾಸಾಗಿದ್ದರು. ಅವರು ಗಂಟೆಗೆ ಮೂವತ್ತು ಕಿಲೋಮೀಟರಿನ ಮೇಲೆ ಹೋಗುತ್ತಿರಲಿಲ್ಲ, ರಸ್ತೆಯ ಮೇಲೆ ಒಣಗಿದ ಎಲೆ ಹಾರಿದರೂ ನಿಲ್ಲಿಸಿ, ಅದು ದಾಟಿದ ಮೇಲೆ ಮುಂದೆ ಹೋಗುತ್ತಿದ್ದರು. ಎರಡು ಗಾಡಿಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸುವುದಂತೂ ಅವರಿಗೆ ಬರುತ್ತಲೇ ಇರಲಿಲ್ಲ. ನಾನು ಕೂಗಾಡಿದಾಗೆಲ್ಲ ಅವರು ಗಾಡಿ ನಿಲ್ಲಿಸಿ, ನನ್ನತ್ತ ತಿರುಗಿ, “ಇನ್ನೊಂದ್ಸಲ ಹೇಳಿ ಮೇಷ್ಟ್ರೇ, ಕೂಗದೆ,” ಎನ್ನುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಅವರು ಹೊರವರ್ತುಲ ರಸ್ತೆಯಲ್ಲಿ ಓಡಿಸುತ್ತಿದ್ದಾಗ ನನಗೆ ಓಟ ಬಂತು. ಅಂದಿನದು ಹಿಂದಿನವುಗಳಂತಿರಲಿಲ್ಲ, ಕೈಬೆರಳುಗಳು ತಣ್ಣಗಾಗಿ ಬಾಯಿ ಒಣಗಿತು. ನಟಿಸಲು ನೋಡಿದೆ, ಆದರೆ “ಎಡಕ್ಕೆ” ಎನ್ನಬೇಕಾದಲ್ಲಿ ಬರಿಯ ಗಾಳಿ ಬಂತು. ಟೀಚರ್ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಮತ್ತೆ ಕನ್ನಡಿ ನೋಡಿ, ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದರು. “ಏನಾಯ್ತು ಮೇಷ್ಟ್ರೇ?” ಎಂದರು. “ಏನಿಲ್ಲ, ಟೆನ್ಷನ್ನು,” ಎಂದೆ. ಅವರು ಎರಡು ಬೆರಳನ್ನು ನನ್ನ ಮಣಿಕಟ್ಟಿನ ಮೇಲಿಟ್ಟು, ಕೈಗಡಿಯಾರ ನೋಡುತ್ತ ಹತ್ತು ಸೆಕೆಂಡು ಕುಳಿತು, “ಮೂವತ್ತೆರಡು. ಆರರಿಂದ ಗುಣಿಸಿದ್ರೆ ನೂರ ತೊಂಬತ್ತೆರಡು. ಇದು ಟೆನ್ಷನ್ ಅಲ್ಲ. ಬೆಲ್ಟ್ ಸರಿಯಾಗಿ ಹಾಕ್ಕೊಳ್ಳಿ,” ಎಂದರು. ಎರಡೂವರೆ ವರ್ಷದಲ್ಲಿ ನನ್ನ ನಾಡಿಯನ್ನು ಕೊನೆಯವರೆಗೆ ಎಣಿಸಿದ ಮೊದಲ ವ್ಯಕ್ತಿ, ನಾನು ನೂರು ಸಲ ಗದರಿದ್ದ ಶಿಷ್ಯೆ.

ಗಾಡಿಯ ತಲೆಯ ಮೇಲೆ ‘ಕಲಿಯುತ್ತಿರುವವರು’ ಎಂಬ ಫಲಕ ಹೊತ್ತು ನಾವು ಆಸ್ಪತ್ರೆಗೆ ಹೊರಟೆವು. ನನ್ನ ಹೃದಯ ನೂರ ತೊಂಬತ್ತೆರಡರಲ್ಲಿ, ನಮ್ಮ ಕಾರು ಮೂವತ್ತರಲ್ಲಿ. ಪ್ರತಿಯೊಂದು ತಿರುವಿಗೂ ಇಂಡಿಕೇಟರ್, ಜನ ದಾಟುವ ಪ್ರತಿಯೊಂದು ಪಟ್ಟೆಗೆರೆಯ ಹತ್ತಿರವೂ ನಿಲುಗಡೆ. ಒಬ್ಬ ಮುದುಕ ನಾಯಿಯೊಂದಿಗೆ ಪೂರ್ತಿ ದಾಟುವವರೆಗೆ ಟೀಚರ್ ಕಾದರು, ನಾಯಿ ಹಿಂದಿರುಗಿ ನೋಡಿದಾಗ ಇನ್ನೂ ಸ್ವಲ್ಪ ಕಾದರು. ನನಗೆ ಸಾವಿನ ಭಯವಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡದೊಂದು ಭಯವಿತ್ತು, ಅಲ್ಲಿಗೆ ಹೋಗುವಷ್ಟರಲ್ಲಿ ಇದು ಎಲ್ಲಿ ನಿಂತುಹೋಗುತ್ತದೋ ಎಂದು. ಓಡು, ಇನ್ನೊಂದು ಐದು ನಿಮಿಷ ಓಡು ಮಾರಾಯ ಎಂದು ನನ್ನ ಹೃದಯವನ್ನು ನಾನೇ ಬೇಡಿಕೊಂಡೆ. ತುರ್ತು ವಿಭಾಗದ ಎದುರು ಎರಡು ಆಂಬುಲೆನ್ಸುಗಳ ನಡುವೆ ಒಂದು ಕಾರಿನಷ್ಟೇ ಜಾಗವಿತ್ತು. ಟೀಚರ್ ಗಾಡಿಯನ್ನು ಮುಂದಕ್ಕೆ ತಂದು, ಹಿಂದಕ್ಕೆ ತಿರುಗಿಸಿ, ಒಂದೇ ಪ್ರಯತ್ನದಲ್ಲಿ, ಎರಡೂ ಬದಿಗೆ ಗೇಣು ಜಾಗ ಬಿಟ್ಟು ನಿಲ್ಲಿಸಿದರು. ನಾನು ಎದೆ ಹಿಡಿದುಕೊಂಡೇ, “ಸ್ಟೇರಿಂಗ್ ನೇರ ಮಾಡಿ,” ಎಂದೆ. ಮಾಡಿದರು.

ಒಳಗೆ, ಪುಣ್ಯಕ್ಕೆ, ಆರನೆಯ ಕೊಠಡಿಯ ಆ ಹುಡುಗಿಯೇ ಅಂದು ಕೆಳಗಿನ ಕೆಲಸಕ್ಕೆ ಬಂದಿದ್ದಳು. ನನ್ನನ್ನು ನೋಡಿದ್ದೇ ಅಂಗಿ ಬಿಚ್ಚಿಸಿ ತಂತಿ ಹಚ್ಚಿದಳು. ಹೃದಯ ಇನ್ನೂ ಓಡುತ್ತಿತ್ತು. ಕಾಗದ ಹೊರಬರತೊಡಗಿದಾಗ ಅವಳು, “ಸಿಕ್ತು ಸರ್! ಸಿಕ್ತು!” ಎಂದು ಕಿರುಚಿ, ಅದನ್ನು ಹರಿದು, ಫಲಿತಾಂಶ ಬಂದ ವಿದ್ಯಾರ್ಥಿಯಂತೆ ಕಾರಿಡಾರಿನುದ್ದಕ್ಕೂ ಓಡಿದಳು. ನನಗೆ ಕಣ್ಣೀರು ಬಂತು. ಕಾಯಿಲೆ ಇದೆಯೆಂದು ಸಾಬೀತಾದ ಆನಂದಕ್ಕೆ ಅತ್ತ ಮನುಷ್ಯ ಆ ವಾರ್ಡಿನಲ್ಲಿ ನಾನೊಬ್ಬನೇ ಇರಬೇಕು.

ಆ ಕಾಗದದ ಗೆರೆಗಳನ್ನು ಓದಬಲ್ಲ ಇನ್ನೊಬ್ಬ ಹಿರಿಯ ಡಾಕ್ಟರಮ್ಮ ಬಂದರು. ಓಟ ನಿಲ್ಲಿಸಲೆಂದು ಸೂಜಿಯಿಲ್ಲದ ಸಿರಿಂಜನ್ನು ನನ್ನ ಬಾಯಿಗೆ ಕೊಟ್ಟು, “ಇದರೊಳಗೆ ಜೋರಾಗಿ ಊದ್ತಾ ಇರಿ, ನಾನು ಸಾಕು ಅನ್ನೋವರೆಗೂ,” ಎಂದರು. ಆಮೇಲೆ ನನ್ನನ್ನು ತಟ್ಟನೆ ಮಲಗಿಸಿ, ಕಾಲೆರಡನ್ನೂ ಮೇಲೆತ್ತಲು ಹೇಳಿದರು. ಒಂದು ಕಾಲನ್ನು ನರ್ಸ್ ಹಿಡಿದರು, ಇನ್ನೊಂದನ್ನು ಟೀಚರ್. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ, ನನ್ನ ಕಾಲ್ಚೀಲದ ತೂತು ಟೀಚರ್ ಅವರ ಮೂಗಿನ ನೇರಕ್ಕಿರುವುದನ್ನು ಕಂಡು ನಾನು ಸಂಕೋಚಪಡುತ್ತಿರುವಾಗ, ಎದೆಯೊಳಗೆ ಒಂದು ಧಡಕ್, ಒಂದು ಕ್ಷಣದ ಖಾಲಿ, ಆಮೇಲೆ ಶಾಂತವಾದ ಲಬ್ ಡಬ್. “ಎಪ್ಪತ್ತಾರು,” ಎಂದರು ಟೀಚರ್, ಪರದೆ ನೋಡಿ. ಕಾಲನ್ನು ಮೆಲ್ಲಗೆ ಕೆಳಗಿಟ್ಟರು.

ಡಾಕ್ಟರಮ್ಮ ವಿವರಿಸಿದರು: “ನಿಮ್ಮ ಹಾರ್ಟ್ ಗಟ್ಟಿಮುಟ್ಟಾಗಿದೆ. ಒಳಗೆ ಕರೆಂಟ್ ಹೋಗೋಕೆ ಒಂದು ದಾರಿ ಸಾಕು, ನಿಮಗೆ ಎರಡಿವೆ. ಒಂದೊಂದ್ಸಲ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಅಲ್ಲೇ ಸುತ್ತು ಹೊಡೆಯುತ್ತೆ.” ಹೊರಹೋಗುವ ದಾರಿ ಮರೆತು ವೃತ್ತದಲ್ಲೇ ಸುತ್ತುವ ಶಿಷ್ಯರನ್ನು ನಾನು ಸಾಕಷ್ಟು ಕಂಡಿದ್ದೇನಾದ್ದರಿಂದ ಇದು ನನಗೆ ಚೆನ್ನಾಗಿ ಅರ್ಥವಾಯಿತು. ಆಮೇಲೆ ಅವರು, ಇದು ಯಾವಾಗಿನಿಂದ, ಎಷ್ಟು ಸಲ, ಎಷ್ಟು ಹೊತ್ತು ಎಂದು ಕೇಳಿದರು. ನಾನು “ಆಗಾಗ” ಎಂದೆ.

ಅಷ್ಟರಲ್ಲಿ ಟೀಚರ್ ಅವರ ಫೋನಿನಿಂದ ಸುದ್ದಿ ಹೋಗಿ ನನ್ನ ಹೆಂಡತಿ ಬಂದಿದ್ದಳು. ಅಂಗಡಿಯ ಬಿಳಿ ಕೋಟನ್ನು ಬಿಚ್ಚದೆ ಬಂದಿದ್ದರಿಂದ ದಾರಿಯಲ್ಲಿ ಇಬ್ಬರು ರೋಗಿಗಳು ಅವಳನ್ನು ನಿಲ್ಲಿಸಿ ಔಷಧಿ ಕೇಳಿದ್ದರಂತೆ. ಅವಳು ಕೈಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದು ಡಾಕ್ಟರಮ್ಮನ ಮುಂದಿಟ್ಟಳು. ಅಂಗಡಿಯಲ್ಲಿ ಕನ್ನಡಕದ ಪವರ್ ಬರೆಯುವ ಪುಸ್ತಕ. ಒಂದೊಂದು ಸಾಲಿನಲ್ಲೂ ಒಂದೊಂದು ತಾರೀಖು, ‘ಬಲಗಣ್ಣು’ ಎಂಬ ಕಡೆ ಓಟ ಶುರುವಾದ ಹೊತ್ತು, ‘ಎಡಗಣ್ಣು’ ಎಂಬ ಕಡೆ ನಿಂತ ಹೊತ್ತು. ಒಟ್ಟು ನಲವತ್ತೊಂದು ಸಾಲು. ನಾನು ಹೇಳದೆ ಮುಚ್ಚಿಟ್ಟವೂ ಅದರಲ್ಲಿದ್ದವು. “ನಾನು ಹೇಳೇ ಇರ್ಲಿಲ್ವಲ್ಲ, ನಿನಗೆ ಹೇಗೆ ಗೊತ್ತಾಯ್ತು?” ಎಂದೆ. “ಓಟ ಬಂದಾಗ ನಿಮ್ಮ ಕತ್ತಲ್ಲಿ ಕಾಣುತ್ತೆ ರೀ. ಗಂಟಲ ಕೆಳಗೆ ಪಟಪಟ ಅಂತ ಹೊಡ್ಕೊಳ್ಳುತ್ತೆ,” ಎಂದಳು. ಡಾಕ್ಟರಮ್ಮ ತಲೆಯೆತ್ತಿ, “ಇದನ್ನ ಗಮನಿಸಿದ್ದು ನೀವಾ? ಇದು ಪುಸ್ತಕದಲ್ಲಿರೋ ಲಕ್ಷಣ ಕಣಮ್ಮ,” ಎಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ನಾನು, “ಮತ್ತೆ ಯಾಕೆ ಬರೀ ನೀರು ಕುಡೀರಿ ಅಂತಿದ್ದೆ?” ಎಂದೆ. ಅವಳು ಪುಸ್ತಕದ ಅಂಚನ್ನು ಸರಿಮಾಡುತ್ತ, “ನಾನೂ ಹೆದರಿದೀನಿ ಅಂತ ಗೊತ್ತಾದ್ರೆ ನೀವು ಇನ್ನೂ ಹೆದರ್ತಿದ್ರಿ. ಒಬ್ಬರಾದ್ರೂ ಸುಮ್ಮನಿರಬೇಕಲ್ಲ,” ಎಂದಳು. ಮಾನ್ಯರೇ, ಏಳು ತಂತಿಗಳುಳ್ಳ ತಾವು ಹತ್ತು ದಿನ ನನ್ನ ಎದೆಗೆ ಅಂಟಿಕೊಂಡು ಕಾಣದ್ದನ್ನು, ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಕಣ್ಣು ಕಂಡಿದ್ದವು.

ಡಾಕ್ಟರಮ್ಮ ಚಿಕಿತ್ಸೆ ಮುಗಿಯುವವರೆಗೆ ಗಾಡಿ ಮುಟ್ಟಬಾರದೆಂದು ಬರೆದುಕೊಟ್ಟರು. ನಾನು ಮಾಲೀಕರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ, ಮಾರುಕಟ್ಟೆ ರಸ್ತೆಯ ಒಂಬತ್ತು ನಿಮಿಷವನ್ನೂ ಸೇರಿಸಿ. ಅವರು ಬಹಳ ಹೊತ್ತು ಬಯ್ದರು, ಬಯ್ದದ್ದೆಲ್ಲ ನ್ಯಾಯವಾಗಿಯೇ ಇತ್ತು. ಕೊನೆಗೆ, “ಅಲ್ಲೀವರೆಗೆ ಒಳಗೆ ಕೂತು ಬೋರ್ಡಿನ ಮೇಲೆ ಚಿಹ್ನೆಗಳನ್ನ ಕಲಿಸಿ,” ಎಂದರು. ಎರಡು ತಿಂಗಳು ಸೀಮೆಸುಣ್ಣ ಹಿಡಿದು, ‘ನಿಲ್ಲಿ’ ಎಂಬ ಎಂಟು ಮೂಲೆಯ ಫಲಕವನ್ನು ಬರೆದು ಅಳಿಸಿದೆ. ಟೀಚರ್ ಐದನೆಯ ಪರೀಕ್ಷೆಗೆ ಬೇರೆ ಮೇಷ್ಟ್ರ ಜೊತೆ ಹೋಗಿ ಪಾಸಾಗಿ ಬಂದರು. ಅವರಿಗೆ ಕಲಿಸಿದವನು ನಾನೆಂದು ಹೇಳಿಕೊಳ್ಳಲು ಈಗ ನನಗೆ ಮುಖವಿಲ್ಲ, ಆದರೂ ಹೇಳಿಕೊಳ್ಳುತ್ತೇನೆ.

ಚಿಕಿತ್ಸೆಯೆಂದರೆ, ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ತಂತಿಗಳನ್ನು ಹೃದಯದವರೆಗೆ ಒಯ್ದು, ಬೇಡದ ದಾರಿಯನ್ನು ಸುಟ್ಟು ಮುಚ್ಚುವುದು. ತಣ್ಣನೆಯ ಕೋಣೆಯಲ್ಲಿ ನಾನು ಎಚ್ಚರವಾಗಿಯೇ ಮಲಗಿದ್ದೆ. ಮೊದಲು ಓಟವನ್ನು ಅವರೇ ಬರಿಸಿ ನೋಡಬೇಕಂತೆ. ಬರಲಿಲ್ಲ. ನಲವತ್ತು ನಿಮಿಷ ಐದು ಜನ ಪರದೆಯೆದುರು ನಿಂತು ನನ್ನ ಹೃದಯವನ್ನು ಓಡೆಂದು ಒತ್ತಾಯಿಸಿದರು, ಅದು ಮತ್ತೆ ಕೈಕಟ್ಟಿ ಕುಳಿತಿತ್ತು. ನನಗೆ ನೆಂಟರ ಮುಂದೆ ಹಾಡದ ಮಗುವಿನ ತಂದೆಗಾಗುವಷ್ಟು ನಾಚಿಕೆಯಾಯಿತು. ಕೊನೆಗೊಂದು ಔಷಧಿ ಕೊಟ್ಟ ಮೇಲೆ ಬಂತು. ಎದೆಯಲ್ಲಿ ಸ್ವಲ್ಪ ಬಿಸಿ ಹರಿದಂತಾಯಿತು, ಡಾಕ್ಟರಮ್ಮ, “ಹೋಯ್ತು ನಿಮ್ಮ ವೃತ್ತ,” ಎಂದರು. ಮರುದಿನ ಕುಂಟುತ್ತ ಮನೆಗೆ ಬಂದೆ. ಆಮೇಲೆ ಓಟ ಬರಲಿಲ್ಲ. ಕೆಲ ವಾರಗಳ ನಂತರ ಡಾಕ್ಟರಮ್ಮನ ಒಪ್ಪಿಗೆ ಪಡೆದು ಪಕ್ಕದ ಸೀಟಿಗೆ ಹಿಂದಿರುಗಿದೆ. ಮುಂಚಿಗಿಂತ ಕಡಿಮೆ ಕೂಗುತ್ತೇನೆಂದು ಶಿಷ್ಯರು ಹೇಳುತ್ತಾರೆ, ನನ್ನ ಮುಖದೆದುರು.

ಕಥೆ ಇಲ್ಲಿಗೆ ಮುಗಿಯುತ್ತಿತ್ತು, ಈ ಪತ್ರವೂ ಹುಟ್ಟುತ್ತಿರಲಿಲ್ಲ. ಆದರೆ ಆರು ತಿಂಗಳ ತಪಾಸಣೆಯೆಂದು ತಮ್ಮನ್ನು ನಾಲ್ಕನೆಯ ಸಲ ನನ್ನ ಕೊರಳಿಗೆ ಹಾಕಿದರು. ಆ ಒಂದು ದಿನ ನಾನು ತಿಂದೆ, ಮಲಗಿದೆ, ಕಲಿಸಿದೆ, ಹಾಳೆಯ ಮೇಲೆ ನಿಶ್ಚಿಂತೆಯಿಂದ ‘ಏನೂ ಇಲ್ಲ’ ಎಂದು ಬರೆದೆ. ಹಿಂದಿನ ಮೂರೂ ಸಲ ಕುರುಡಾಗಿದ್ದ ತಾವು ಈ ಸಲ ಮೈಯೆಲ್ಲ ಕಣ್ಣಾಗಿ, ಸಾವಿರದ ನೂರ ನಲವತ್ತಮೂರು ಹೆಚ್ಚುವರಿ ಬಡಿತಗಳನ್ನು ಒಂದೂ ಬಿಡದೆ ಬರೆದುಕೊಟ್ಟಿರಿ! ವರದಿ ಹಿಡಿದುಕೊಂಡು ಡಾಕ್ಟರಮ್ಮನ ಬಳಿಗೆ ಓಡಿದೆ. “ಇವು ಬೇರೆ, ಹಳೇ ಓಟ ಅಲ್ಲ. ನಿಮಗೆ ಇವು ಗೊತ್ತಾದ್ವಾ?” ಎಂದರು ಡಾಕ್ಟರಮ್ಮ. “ಇಲ್ಲ,” ಎಂದೆ. “ಹಾಗಾದ್ರೆ ಬಿಡಿ. ಆರೋಗ್ಯವಾಗಿರೋ ಎಷ್ಟೋ ಜನಕ್ಕೆ ಹೀಗೆ ಮಧ್ಯೆ ಮಧ್ಯೆ ಒಂದೊಂದು ಬರುತ್ತೆ. ನಿಮ್ಮ ಹಾರ್ಟಿಗೆ ಇದರಿಂದ ಏನೂ ಆಗಲ್ಲ. ಇದಕ್ಕೆ ಔಷಧಿ ಬೇಡ, ಇದರ ಜೊತೆ ಇದ್ದುಬಿಡಿ.” ಅಂದಿನಿಂದ, ಮಾನ್ಯರೇ, ಒಂದೊಂದೂ ಗೊತ್ತಾಗುತ್ತಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು ಹೀಗಿವೆ. ಸದರಿ ಸಾವಿರದ ನೂರ ನಲವತ್ತಮೂರು ಬಡಿತಗಳನ್ನು ತಾವು ದಯಮಾಡಿ ಹಿಂದಕ್ಕೆ ಪಡೆಯಬೇಕು. ಅದು ತಮ್ಮ ಅಧಿಕಾರದ ವ್ಯಾಪ್ತಿಯಲ್ಲಿ ಇಲ್ಲವಾದರೆ, ಅವು ದಿನದ ಯಾವ ಯಾವ ಹೊತ್ತಿಗೆ ಬರತಕ್ಕವೆಂದು ಮುಂಚಿತವಾಗಿ ಲಿಖಿತ ಸೂಚನೆ ಕೊಟ್ಟರೆ, ನಾನು ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಅದೂ ಆಗದಿದ್ದರೆ, ನಾನು ಅವನ್ನು ತಿಳಿಯದೆ ಸುಖವಾಗಿದ್ದ ಆ ಒಂದು ದಿನವನ್ನಾದರೂ, ಅಷ್ಟೂ ಗಂಟೆಗಳ ಸಮೇತ, ನನಗೆ ಮರಳಿಸಬೇಕು.

ಇವುಗಳಲ್ಲಿ ಯಾವುದೂ ನಡೆಯುವುದಿಲ್ಲವೆಂದು ನನಗೂ ಗೊತ್ತು. ನಡೆಯುತ್ತಿರುವುದು ಇಷ್ಟು. ನಿನ್ನೆ ಸಂಜೆ ನಾನೂ ನನ್ನ ಹೆಂಡತಿಯೂ ತರಕಾರಿ ಕೊಂಡು ಮನೆಗೆ ನಡೆದು ಬರುತ್ತಿದ್ದೆವು. ದಾರಿಯ ನಡುವೆ ಎದೆಯಲ್ಲಿ ಒಂದು ಬಡಿತ ಎಡವಿತು, ನಾನು ನಿಂತೆ. ಅವಳೂ ನಿಂತು ನನ್ನತ್ತ ನೋಡಿ, “ಬಂತಾ?” ಎಂದಳು. “ಬಂತು.” “ಹೋಯ್ತಾ?” ನಾನು ಸ್ವಲ್ಪ ಕಾದು, “ಹೋಯ್ತು,” ಎಂದೆ. “ಸರಿ, ಈ ಚೀಲ ನೀವು ಹಿಡ್ಕೊಳ್ಳಿ, ನನ್ನ ಕೈ ನೋಯ್ತಿದೆ,” ಎಂದಳು. ಹಿಡಿದುಕೊಂಡೆ. ಭಾರವಾಗಿತ್ತು. ಇಬ್ಬರೂ ಮುಂದೆ ನಡೆದೆವು.

ಮೂರು ಸಲ ತಮ್ಮ ಗಮನಕ್ಕೆ ಬಾರದೆ, ನಾಲ್ಕನೆಯ ಸಲ ಬೇಡವೆಂದರೂ ತಮ್ಮ ಕೃಪಾದೃಷ್ಟಿಗೆ ಪಾತ್ರನಾದ,
ತಮ್ಮ ವಿಶ್ವಾಸಿ,
ಎಡವಿದರೂ ನಡೆಯುತ್ತಿರುವ ಒಬ್ಬ ಡ್ರೈವಿಂಗ್ ಮೇಷ್ಟ್ರು

ಮರೆತ ಮಾತು: ತಮ್ಮ ಸೇವೆ ಹೇಗಿತ್ತೆಂದು ಅಭಿಪ್ರಾಯ ಕೇಳಿ ಆಸ್ಪತ್ರೆಯವರು ಒಂದು ಚೀಟಿ ಕೊಟ್ಟಿದ್ದಾರೆ. ಅದರಲ್ಲಿ ಬರೆಯಲು ಜಾಗವಿಲ್ಲ, ಅಳುವ ಮುಖದಿಂದ ನಗುವ ಮುಖದವರೆಗೆ ಸಾಲಾಗಿ ಐದು ಮುಖಗಳಿವೆ, ಒಂದಕ್ಕೆ ಗುರುತು ಹಾಕಬೇಕು. ನಾನು ನಡುವಿನ, ಬಾಯಿಯ ಜಾಗದಲ್ಲಿ ಬರಿಯ ನೇರ ಗೆರೆಯಿರುವ ಮುಖಕ್ಕೆ ಹಾಕಿದ್ದೇನೆ. ಅದು ನನ್ನ ಅಭಿಪ್ರಾಯವೆಂದು ತಾವು ತಪ್ಪು ತಿಳಿಯಬಾರದು, ತಮ್ಮ ಭಾವಚಿತ್ರವೆಂದುಕೊಂಡು ಗುರುತಿಸಿದ್ದೇನೆ.